ಟೆಂಪೊ ಟ್ರಾವೆಲರ್‌ನಲ್ಲಿ ಸಂಸಾರ ಹೂಡುವ ಮೊದಲು

ಪ್ರಶ್ನೆ: ನಾವು ಶಿವಮೊಗ್ಗದವರು. ಯಜಮಾನರು ಬರುವ ಮಾರ್ಚ್‌ನಲ್ಲಿ ಬ್ಯಾಂಕಿನಿಂದ ನಿವೃತ್ತರಾಗುತ್ತಾರೆ. ನಾನು ಶಾಲೆಯ ಕೆಲಸ ಬಿಟ್ಟು ಒಂದು ವರ್ಷವಾಯಿತು. ವರ್ಷಕ್ಕೆ ನಾಲ್ಕೈದು ತಿಂಗಳು ವ್ಯಾನಿನಲ್ಲೇ ಇದ್ದುಕೊಂಡು ಊರೂರು ತಿರುಗಬೇಕೆಂಬ ಆಸೆ ಇಬ್ಬರಿಗೂ ಇದೆ. ಪರಿಚಯದ ಟ್ರಾವೆಲ್ಸ್‌ನವರೊಬ್ಬರು 12 ಸೀಟಿನ, ಹಳದಿ ಬೋರ್ಡಿನ ಹಳೆಯ ಟೆಂಪೊ ಟ್ರಾವೆಲರ್ ಕೊಡುತ್ತೇನೆಂದು ತಿಂಗಳ ಕೊನೆಯೊಳಗೆ ಮುಂಗಡ ಕೇಳಿದ್ದಾರೆ. ನಮ್ಮ ಮನೆಗೆ ಮಾಡ್ಯುಲರ್ ಅಡುಗೆಮನೆ ಮಾಡಿಕೊಟ್ಟ ಕಾರ್ಪೆಂಟರ್ ಒಳಗಿನ ಕೆಲಸ ಒಪ್ಪಿಕೊಂಡಿದ್ದಾರೆ. ಯಜಮಾನರಿಗೆ ಎಸಿ ಮತ್ತು ಶೌಚಾಲಯ ಬೇಕೇ ಬೇಕು. ನನಗೆ ಸರಿಯಾದ ಅಡುಗೆಕಟ್ಟೆ, ಗ್ಯಾಸ್ ಒಲೆ ಬೇಕು. ಮನೆಯ ಇನ್ವರ್ಟರ್ ಬ್ಯಾಟರಿಯನ್ನೇ ಹಾಕೋಣ, ಎಸಿಗೆ ಸಣ್ಣ ಜನರೇಟರ್ ಇಡೋಣ ಎಂದು ಅವರ ಯೋಚನೆ. ಆರ್‌ಟಿಒ ಹಿಡಿದರೆ ವ್ಯಾನು ಜಪ್ತಿಯಾಗುತ್ತದೆ ಎಂದು ಪಕ್ಕದ ಮನೆಯವರು ಹೆದರಿಸುತ್ತಾರೆ. ಒಳಗೆ ಏನು ಮಾಡಿಕೊಂಡರೂ ಯಾರೂ ಕೇಳುವುದಿಲ್ಲ ಎಂದು ಮಾರುವವರು ಹೇಳುತ್ತಾರೆ. ಮೂರು ಲಕ್ಷದಲ್ಲಿ ಮುಗಿಯುತ್ತದೆಂದು ವಿಡಿಯೊ ಒಂದರಲ್ಲಿ ನೋಡಿದೆವು. ಯಾರ ಮಾತು ನಿಜ? ಅಷ್ಟು ಸಣ್ಣ ಜಾಗದಲ್ಲಿ ನಮ್ಮ ವಯಸ್ಸಿನವರು ಇರಬಹುದೇ?

ಉತ್ತರ: ಮೇಡಂ, ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ನೀವು ಕೇಳಿರುವುದು ಕಾನೂನಿನ ಮಾತು, ದುಡ್ಡಿನ ಮಾತು. ನನಗೆ ದಿಗಿಲಾದದ್ದು ನೀವು ಕೇಳದೆ ಬಿಟ್ಟಿರುವ ಮೂರು ಸಂಗತಿಗಳಿಂದ: ಸಣ್ಣ ಜನರೇಟರ್, ಮನೆಯ ಇನ್ವರ್ಟರ್ ಬ್ಯಾಟರಿ, ಮಾಡ್ಯುಲರ್ ಅಡುಗೆಮನೆಯ ಕಾರ್ಪೆಂಟರ್. ಮೂರೂ ಮನೆಯಲ್ಲಿ ಒಳ್ಳೆಯವೇ. ಆದರೆ ಮನೆ ಬ್ರೇಕ್ ಹಾಕುವುದಿಲ್ಲ, ಘಟ್ಟದ ತಿರುವಿನಲ್ಲಿ ಓಲುವುದಿಲ್ಲ, ಕಿಟಕಿ ಮುಚ್ಚಿದ ತಗಡಿನ ಪೆಟ್ಟಿಗೆಯಾಗಿ ರಸ್ತೆ ಬದಿಯಲ್ಲಿ ರಾತ್ರಿ ಕಳೆಯುವುದೂ ಇಲ್ಲ. ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹುಬ್ಬಳ್ಳಿಯಲ್ಲಿ ಆಂಬುಲೆನ್ಸ್ ಮತ್ತು ಸಂಚಾರಿ ಆಸ್ಪತ್ರೆಗಳ ಬಾಡಿ ಕಟ್ಟಿದವನು. ಈಚಿನ ವರ್ಷಗಳಲ್ಲಿ ಕ್ಯಾಂಪರ್, ಅಂದರೆ ಮಲಗಿ ಅಡುಗೆ ಮಾಡಿಕೊಂಡು ಇರಬಹುದಾದ ವ್ಯಾನು, ಮಾಡಿಸಿಕೊಳ್ಳುವವರೂ ಬರುತ್ತಾರೆ. ಹೆಚ್ಚಿನವರು ಕಾರ್ಪೆಂಟರ್ ಕೆಲಸ ಮುಗಿದ ಮೇಲೆ ಬರುತ್ತಾರೆ ಎಂಬುದೇ ನನ್ನ ಸಂಕಟ.

ಜೀವಕ್ಕೆ ಸಂಬಂಧಿಸಿದ್ದನ್ನು ಮೊದಲು ಹೇಳಿಬಿಡುತ್ತೇನೆ. 2024ರ ಡಿಸೆಂಬರ್‌ನಲ್ಲಿ ಕೇರಳದ ಕೋಯಿಕ್ಕೋಡ್ ಜಿಲ್ಲೆಯ ವಡಗರದಲ್ಲಿ ಹೆದ್ದಾರಿ ಪಕ್ಕ ನಿಂತಿದ್ದ ಕ್ಯಾರವಾನ್ ಒಳಗೆ ಇಬ್ಬರು ಸತ್ತು ಸಿಕ್ಕರು. ಎಸಿಗಾಗಿ ಓಡುತ್ತಿದ್ದ ಜನರೇಟರ್‌ನಿಂದ ಹೊರಟ ಕಾರ್ಬನ್ ಮೊನಾಕ್ಸೈಡ್ ನೆಲದ ರಂಧ್ರದ ಮೂಲಕ ಒಳಗೆ ತುಂಬಿಕೊಂಡಿತ್ತೆಂದು ತಜ್ಞರ ಪರೀಕ್ಷೆಯಲ್ಲಿ ಗೊತ್ತಾಯಿತು. ಆ ಅನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ನಿದ್ದೆಯಲ್ಲಿದ್ದವರಿಗೆ ಎಚ್ಚರವೂ ಆಗುವುದಿಲ್ಲ. ಹಾಗಾಗಿ ಜನರೇಟರ್ ಯೋಚನೆಯನ್ನು ಇಲ್ಲಿಗೇ ಬಿಡಿ. ಎಸಿಗಾಗಿ ಎಂಜಿನ್ ಓಡಿಸಿಕೊಂಡು ಮಲಗುವುದೂ ಬೇಡ. ಚಳಿಗೆಂದು ಕೆಂಡದ ಅಗ್ಗಿಷ್ಟಿಕೆಯನ್ನು ಒಳಗೆ ತಂದು ಬಾಗಿಲು ಹಾಕಿಕೊಳ್ಳುವವರಿದ್ದಾರೆ. ಅದೂ ಅದೇ ವಿಷ. ಯಾವ ವ್ಯಾನಿನಲ್ಲಿ ಮಲಗಿದರೂ ಬ್ಯಾಟರಿಯಲ್ಲಿ ನಡೆಯುವ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದು ದಿಂಬಿನ ಎತ್ತರದಲ್ಲಿ ಇರಲಿ.

ಇನ್ನು ನೆರೆಮನೆಯವರ ಮಾತು, ಮಾರುವವರ ಮಾತು. ಇಬ್ಬರೂ ಅರ್ಧ ಸರಿ. ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೂ ನೋಂದಣಿ ಪತ್ರದಲ್ಲಿ (ಆರ್‌ಸಿ) ಇರುವ ವಿವರಕ್ಕೂ ತಾಳೆಯಾಗದಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಬಿಗಿಯಾಗಿ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಎಂದು ಬಂತು. ಸೀಟುಗಳ ಸಂಖ್ಯೆ ಆರ್‌ಸಿಯಲ್ಲಿದೆ, ಬಾಡಿಯ ಬಗೆ ಇದೆ, ಖಾಲಿ ತೂಕ ಇದೆ, ಬಣ್ಣವೂ ಇದೆ. ಹನ್ನೆರಡು ಸೀಟು ಕಿತ್ತು ಮಂಚ ಹಾಕಿದರೆ ಇವುಗಳಲ್ಲಿ ಎಷ್ಟು ಬದಲಾದವೆಂದು ನೀವೇ ಎಣಿಸಿ. ‘ಹೊರಗೆ ಕಾಣದಿದ್ದರೆ ಸಾಕು’ ಎಂಬ ಮಾತಿಗೆ ಆಧಾರವಿಲ್ಲ.

ಹಾಗೆಂದು ಕ್ಯಾಂಪರ್ ವ್ಯಾನನ್ನು ಕಾನೂನು ಒಪ್ಪುವುದೇ ಇಲ್ಲ ಎಂದೂ ಅಲ್ಲ. ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನು ಎಂಬುದು ಕೇಂದ್ರ ಸರ್ಕಾರದ ವಾಹನ ವರ್ಗೀಕರಣದಲ್ಲಿ, ಬಾಡಿಗೆಗಲ್ಲದ ವಾಹನಗಳ ಸಾಲಿನಲ್ಲಿ ಇದೆ. ‘ಮೋಟಾರ್ ಕ್ಯಾರವಾನ್’ಗೆಂದೇ ಎಐಎಸ್-124 ಎಂಬ ಮಾನದಂಡವೂ ಇದೆ, ಕೂರಲು ಸೀಟು ಮತ್ತು ಮೇಜು, ಮಲಗುವ ವ್ಯವಸ್ಥೆ, ಅಡುಗೆಯ ಅನುಕೂಲ, ಸಾಮಾನಿಡುವ ಜಾಗ ಇವಿಷ್ಟು ಅದರಲ್ಲಿ ಇರಲೇಬೇಕು. ತೊಡಕು ಇರುವುದು ಅಲ್ಲಿಗೆ ತಲುಪುವ ದಾರಿಯಲ್ಲಿ. ಬಾಡಿ ಕಟ್ಟುವವರು ತಮ್ಮ ವಿನ್ಯಾಸವನ್ನು ಪುಣೆಯ ಎಆರ್‌ಎಐನಂತಹ ಪರೀಕ್ಷಾ ಸಂಸ್ಥೆಯಲ್ಲಿ ತೋರಿಸಿ ಪ್ರಮಾಣಪತ್ರ ಪಡೆದಿರಬೇಕು. ನಿಮ್ಮ ಕಾರ್ಪೆಂಟರ್ ಎಷ್ಟೇ ನಿಪುಣರಾದರೂ ಆ ಕಾಗದ ಅವರ ಕೈಯಲ್ಲಿ ಇರುವುದಿಲ್ಲ.

ಜಪ್ತಿಯ ಮಾತು ಎಲ್ಲಿಂದ ಬಂತೆಂದರೆ ಹಳದಿ ಬೋರ್ಡಿನಿಂದ. ಪರ್ಮಿಟ್ ಇಲ್ಲದೆ ರಸ್ತೆಗಿಳಿದ ಬಾಡಿಗೆ ವಾಹನವನ್ನು ತಡೆದು ಇಟ್ಟುಕೊಳ್ಳುವ ಅಧಿಕಾರ ಅಧಿಕಾರಿಗಳಿಗೆ ಇದೆ. ನೀವು ಅದನ್ನು ಕೊಂಡು ಹಾಗೆಯೇ ಓಡಿಸಿದರೆ ಪರ್ಮಿಟ್, ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ), ತೆರಿಗೆ ಎಲ್ಲದರ ಬೆನ್ನು ಹತ್ತಬೇಕು. ಬಿಳಿ ಬೋರ್ಡಿಗೆ ಬದಲಿಸಬೇಕಾದರೆ ಪರ್ಮಿಟ್ ಹಿಂದಿರುಗಿಸಿ, ತೆರಿಗೆಯ ವ್ಯತ್ಯಾಸ ಕಟ್ಟಿ, ಆರ್‌ಟಿಒ ತಪಾಸಣೆಗೆ ನಿಲ್ಲಿಸಬೇಕು. ಸೀಟು ಕಿತ್ತ ಗಾಡಿಯನ್ನು ತಪಾಸಣೆಗೆ ಒಯ್ದರೆ ಅಲ್ಲಿಗೇ ನಿಂತಿತು. ರಸ್ತೆಯಲ್ಲಿ ಪೊಲೀಸರು ಹಿಡಿಯದಿರಬಹುದು, ನಿಜ. ಆದರೆ ಅಪಘಾತವಾಗಿ ವಿಮೆಯವರ ಸರ್ವೇಯರ್ ಬಂದು ಹಿಂಬಾಗಿಲು ತೆರೆದ ದಿನ, ತಿಳಿಸದೆ ಮಾಡಿದ ಬದಲಾವಣೆಯೇ ಅವರು ಬರೆದುಕೊಳ್ಳುವ ಮೊದಲ ಸಾಲು. ಐದು ಸಾವಿರದ ದಂಡಕ್ಕಿಂತ ನಾನು ಹೆದರುವುದು ಇದಕ್ಕೆ.

ಈಗ ಕಾರ್ಪೆಂಟರ್ ವಿಷಯ. ಎರಡು ವರ್ಷದ ಹಿಂದೆ ದಂಪತಿಯೊಬ್ಬರು ತಮ್ಮ ವ್ಯಾನು ‘ತಿರುವಿನಲ್ಲಿ ಎಡಕ್ಕೆ ಎಳೆಯುತ್ತದೆ’ ಎಂದು ತಂದರು. ಚಕ್ರದ ಅಲೈನ್‌ಮೆಂಟ್ ಮೂರು ಕಡೆ ಮಾಡಿಸಿ ಬಂದಿದ್ದರು. ಬಾಗಿಲು ತೆರೆದೆ. ಒಳಗೆ ಮದುವೆ ಮನೆಯಂತೆ ಹೊಳೆಯುವ ಸನ್‌ಮೈಕಾ, ಎಡಗೋಡೆಯುದ್ದಕ್ಕೂ ಹದಿನೆಂಟು ಮಿಲಿಮೀಟರ್ ಪ್ಲೈವುಡ್‌ನ ಅಡುಗೆಕಟ್ಟೆ, ಅದರ ಮೇಲೆ ಕರಿಯ ಗ್ರಾನೈಟ್! ನೀರಿನ ಟ್ಯಾಂಕ್, ಮನೆಯ ಇನ್ವರ್ಟರ್‌ಗೆ ಹಾಕುವ ಎರಡು ಟ್ಯೂಬುಲರ್ ಬ್ಯಾಟರಿ, ಸಿಲಿಂಡರ್ ಎಲ್ಲವೂ ಅದೇ ಕಟ್ಟೆಯ ಕೆಳಗೆ. ಲಾರಿ ತೂಗುವ ವೇಬ್ರಿಜ್‌ಗೆ ಕರೆದುಕೊಂಡು ಹೋಗಿ ಎಡಚಕ್ರಗಳನ್ನು ಮಾತ್ರ ತಟ್ಟೆಯ ಮೇಲೆ ನಿಲ್ಲಿಸಿ ಚೀಟಿ ತೆಗೆಸಿದೆ, ಆಮೇಲೆ ಬಲಚಕ್ರಗಳನ್ನು. ಎರಡು ಚೀಟಿಗಳ ನಡುವೆ ಇನ್ನೂರು ಕಿಲೊಗಿಂತ ಹೆಚ್ಚು ಅಂತರವಿತ್ತು. ಗಂಡ ಚೀಟಿ ನೋಡಿದರು, ಹೆಂಡತಿ ಗಂಡನನ್ನು ನೋಡಿದರು. ಗ್ರಾನೈಟ್ ಯಾರ ಆಸೆಯಾಗಿತ್ತೆಂದು ನಾನು ಕೇಳಲು ಹೋಗಲಿಲ್ಲ.

‘ಹನ್ನೆರಡು ಜನರನ್ನು ಹೊರುವ ಗಾಡಿ, ಇಬ್ಬರ ಸಾಮಾನು ಹೊರಲಾರದೇ?’ ಎಂಬುದು ಎಲ್ಲರ ತರ್ಕ. ಲೆಕ್ಕ ಮಾಡೋಣ. ತಲೆಗೆ 70 ಕಿಲೊ ಹಿಡಿದರೆ ಹನ್ನೆರಡು ಮಂದಿ 840 ಕಿಲೊ, ಅದೂ ಉದ್ದಕ್ಕೆ, ಎರಡೂ ಬದಿಗೆ ಹಂಚಿಹೋದ ತೂಕ. 8x4 ಅಡಿಯ, 18 ಮಿ.ಮೀ. ಪ್ಲೈವುಡ್ ಹಾಳೆ ಒಂದಕ್ಕೆ ಸುಮಾರು 35ರಿಂದ 40 ಕಿಲೊ. ಮನೆಯ ಅಳತೆಯಲ್ಲಿ ಕೆಲಸ ಮಾಡುವ ಕಾರ್ಪೆಂಟರ್ ವ್ಯಾನಿಗೆ ಹತ್ತು ಹಾಳೆ ಸುಲಭವಾಗಿ ಇಳಿಸುತ್ತಾರೆ. ಅಲ್ಲಿಗೇ ನಾನೂರು ಕಿಲೊ ಆಯಿತು. ನೀರು ಲೀಟರಿಗೆ ಒಂದು ಕಿಲೊ. ನೂರೈವತ್ತು ಲೀಟರ್ ಟ್ಯಾಂಕ್ ಎಂದರೆ ಇಬ್ಬರು ದೊಡ್ಡವರು ಸದಾ ಒಂದೇ ಮೂಲೆಯಲ್ಲಿ ಕುಳಿತ ಹಾಗೆ. ಎಸಿ, ಫ್ರಿಜ್, ಬ್ಯಾಟರಿ, ಹಾಸಿಗೆ, ಬಟ್ಟೆ, ಪಾತ್ರೆ, ಮೇಲೆ ನೀವಿಬ್ಬರು. ಕಿತ್ತ ಸೀಟುಗಳಿಂದ ಒಂದಿಷ್ಟು ಉಳಿತಾಯವಾಗುತ್ತದೆ, ಆದರೆ ಅದು ಗ್ರಾನೈಟ್‌ಗೇ ಸರಿಹೋಗುತ್ತದೆ. ಭಾರವಾದದ್ದು ಹಿಂದಿನ ಆಕ್ಸಲ್‌ಗಿಂತ (ಚಕ್ರಗಳ ಅಚ್ಚಿಗಿಂತ) ಹಿಂದೆ ಕುಳಿತರೆ ಮುಂದಿನ ಚಕ್ರದ ಮೇಲಿನ ಭಾರ ಕಡಿಮೆಯಾಗಿ ಸ್ಟೀರಿಂಗ್ ಹಗುರವಾಗುತ್ತದೆ. ಆಗುಂಬೆಯ ಮಳೆಯಲ್ಲಿ ಹಗುರವಾದ ಸ್ಟೀರಿಂಗ್ ಯಾರಿಗೂ ಬೇಡ.

ಆಂಬುಲೆನ್ಸ್ ಕಟ್ಟುವಾಗ ನಮಗೆ ಒಂದು ಅಭ್ಯಾಸವಿದೆ. ಪ್ರತಿ ವಸ್ತುವನ್ನೂ ಒಳಗಿಡುವ ಮೊದಲು ತೂಗಿ, ಗೋಡೆಗೆ ಅಂಟಿಸಿದ ಕಾಗದದಲ್ಲಿ ಬರೆಯುತ್ತೇವೆ: ಏನು, ಎಷ್ಟು ಕಿಲೊ, ಎಡವೋ ಬಲವೋ, ಆಕ್ಸಲ್‌ನ ಮುಂದೋ ಹಿಂದೋ. ನೀವೂ ಹಾಗೆಯೇ ಮಾಡಿ. ಪೀಠೋಪಕರಣದ ಚೌಕಟ್ಟು ಅಲ್ಯುಮಿನಿಯಂ ಪೈಪಿನದಾಗಿರಲಿ, ಮುಚ್ಚಲು 6 ಅಥವಾ 9 ಮಿ.ಮೀ. ಪ್ಲೈ ಸಾಕು. ಸ್ಕ್ರೂಗಳು ಮನೆಯಲ್ಲಿ ಮೂವತ್ತು ವರ್ಷ ನಿಲ್ಲುತ್ತವೆ, ರಸ್ತೆಯ ಕುಲುಕಾಟಕ್ಕೆ ಮೂರು ತಿಂಗಳಲ್ಲಿ ಹಲ್ಲು ಸಡಿಲವಾದಂತೆ ಆಡತೊಡಗುತ್ತವೆ. ಗಾಡಿಯ ಉಕ್ಕಿನ ಕಂಬಿಗೆ ನಟ್ಟು-ಬೋಲ್ಟಿನಿಂದ ಬಿಗಿಯಬೇಕು. ಎಲ್ಲ ಬಾಗಿಲು, ಡ್ರಾಯರ್‌ಗಳಿಗೆ ಒತ್ತಿದರಷ್ಟೇ ತೆರೆಯುವ ಚಿಲಕ ಬೇಕು. ನೀರಿನ ಇಪ್ಪತ್ತು ಲೀಟರ್ ಕ್ಯಾನನ್ನು ಹಾಗೆಯೇ ನೆಲದ ಮೇಲೆ ಇಟ್ಟು ಹೊರಡುವವರನ್ನು ಕಂಡಾಗ ನನ್ನ ಎದೆ ಝಲ್ ಎನ್ನುತ್ತದೆ. ಗಾಡಿ ಡಿಕ್ಕಿ ಹೊಡೆದರೆ ಅದು ಇಪ್ಪತ್ತು ಕಿಲೊ ಆಗಿ ಉಳಿಯುವುದಿಲ್ಲ, ಕೆಲವು ನೂರು ಕಿಲೊ ಬಲದಲ್ಲಿ ಚಾಲಕನ ಬೆನ್ನಿಗೆ ಬಂದು ಬಡಿಯುತ್ತದೆ. ಗಾಡಿ ಓಡುವಾಗ ಇಬ್ಬರೂ ಮುಂದಿನ ಸೀಟಿನಲ್ಲಿ, ಬೆಲ್ಟ್ ಹಾಕಿಕೊಂಡೇ ಇರಬೇಕು. ಹಿಂದೆ ಮಂಚದ ಮೇಲೆ ಕಾಲು ಚಾಚಿ ಬರುವ ಚಿತ್ರ ವಿಡಿಯೊಗಳಿಗೆ ಚೆಂದ. ಸ್ಟೀಲ್ ಡಬ್ಬಿಗಳ ನಡುವೆ ಹಳೆಯ ಬನಿಯನ್ ತುರುಕಿಡಿ, ಇಲ್ಲದಿದ್ದರೆ ದಾವಣಗೆರೆ ಮುಟ್ಟುವ ಮೊದಲೇ ಜಗಳವಾಗುತ್ತದೆ.

ವಿದ್ಯುತ್ತನ್ನು ಕರೆಂಟ್ ಬಿಲ್ಲಿನ ಯೂನಿಟ್ಟಿನಲ್ಲೇ ಹೇಳುತ್ತೇನೆ. ಇಬ್ಬರ ವ್ಯಾನಿಗೆ ದಿನಕ್ಕೆ ಬೇಕಾಗುವುದು ಹೀಗಿದೆ: 12 ವೋಲ್ಟಿನ ಸಣ್ಣ ಕಂಪ್ರೆಸರ್ ಫ್ರಿಜ್‌ಗೆ ಸುಮಾರು ಅರ್ಧ ಯೂನಿಟ್, ಎರಡು ಸಣ್ಣ ಫ್ಯಾನ್ ರಾತ್ರಿಯಿಡೀ ತಿರುಗಲು ಕಾಲು ಯೂನಿಟ್‌ಗಿಂತ ಸ್ವಲ್ಪ ಹೆಚ್ಚು, ದೀಪ, ಮೊಬೈಲ್, ಲ್ಯಾಪ್‌ಟಾಪ್ ಸೇರಿ ಮತ್ತೊಂದು ಕಾಲು ಯೂನಿಟ್. ಒಟ್ಟು ಒಂದು ಯೂನಿಟ್ ಎನ್ನಿ. ಒಂದು ಟನ್ ಎಸಿಗೆ ಒಂದು ರಾತ್ರಿಗೇ ಐದು ಯೂನಿಟ್ ಹೋಗುತ್ತದೆ. 12 ವೋಲ್ಟಿನ, 100 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಿಂದ ನೆಮ್ಮದಿಯಾಗಿ ತೆಗೆಯಬಹುದಾದದ್ದು ಸುಮಾರು ಒಂದು ಯೂನಿಟ್. ಎಸಿ ಬೇಕೆಂದರೆ ಅಂಥ ಐದಾರು ಬ್ಯಾಟರಿ ಹೊರಬೇಕು, ಅವನ್ನು ತುಂಬುವಷ್ಟು ಸೌರಫಲಕಕ್ಕೆ ಛಾವಣಿಯಲ್ಲಿ ಜಾಗವಿಲ್ಲ. ಜನರೇಟರ್ ಆಸೆ ಹುಟ್ಟುವುದೇ ಇಲ್ಲಿಂದ. ಯಜಮಾನರಿಗೆ ಈ ಲೆಕ್ಕವನ್ನು ತೋರಿಸಿ; ಬ್ಯಾಂಕಿನವರಿಗೆ ಲೆಕ್ಕದ ಮೇಲೆ ನಂಬಿಕೆ ಇರುತ್ತದೆ. ಹೋಂಸ್ಟೇ ಅಂಗಳದಲ್ಲಿ ನಿಲ್ಲಿಸಿ ಅವರ 16 ಆಂಪಿಯರ್ ಪ್ಲಗ್‌ಗೆ ಜೋಡಿಸಿದ ದಿನ ಮಾತ್ರ ಎಸಿ ಓಡಲಿ ಎಂದು ಒಪ್ಪುವುದಾದರೆ ಸರಿ, ಅದಕ್ಕೆ ದುಡ್ಡು ಮತ್ತು ತೂಕ ಖರ್ಚು ಮಾಡಬಹುದು. ನನ್ನನ್ನು ಕೇಳಿದರೆ ಘಟ್ಟ ಹತ್ತುವುದು ಎಸಿಗಿಂತ ಅಗ್ಗ. ಸಾವಿರ ಮೀಟರ್ ಮೇಲೇರಿದರೆ ಆರು ಡಿಗ್ರಿಯಷ್ಟು ತಂಪು ಪುಕ್ಕಟೆ ಸಿಗುತ್ತದೆ. ಏಪ್ರಿಲ್‌ನಲ್ಲಿ ಗೋಕರ್ಣದ ಬದಲು ಮಡಿಕೇರಿಯಲ್ಲಿ ಮಲಗಿ, ಡಿಸೆಂಬರ್‌ನಲ್ಲಿ ಕರಾವಳಿಗೆ ಇಳಿಯಿರಿ.

ಮನೆಯ ಟ್ಯೂಬುಲರ್ ಬ್ಯಾಟರಿಯನ್ನು ಮನೆಯಲ್ಲೇ ಬಿಡಿ. 150 ಆಂಪಿಯರ್-ಅವರ್‌ನದು ಐವತ್ತೈದು ಕಿಲೊ ಮೇಲಿರುತ್ತದೆ, ಬಾಳಿಕೆ ಬರಬೇಕಾದರೆ ಅರ್ಧದಷ್ಟೇ ಬಳಸಬೇಕು, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ತಿರುವಿನಲ್ಲಿ ಆಸಿಡ್ ತುಳುಕುತ್ತದೆ. ಇದನ್ನು ಮಂಚದ ಕೆಳಗಿಟ್ಟು ಮಲಗುವುದು ಹೇಗೆ? ಅಷ್ಟೇ ಉಪಯುಕ್ತ ವಿದ್ಯುತ್ತು ಕೊಡುವ ಲಿಥಿಯಂ ಬ್ಯಾಟರಿ ಅದರ ಕಾಲುಭಾಗ ತೂಗುತ್ತದೆ. ಒಂದೇ ಎಚ್ಚರ: ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಿದರೆ ಹಾಳಾಗುತ್ತದೆ, ಲಡಾಖ್ ಕನಸು ಇದ್ದರೆ ನೆನಪಿರಲಿ. 400 ವಾಟ್ ಸೌರಫಲಕ ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ ಒಂದೂಕಾಲು ಯೂನಿಟ್ ಕೊಟ್ಟೀತು. ಜುಲೈ ತಿಂಗಳ ತೀರ್ಥಹಳ್ಳಿಯಲ್ಲಿ ಅದರ ಕಾಲುಭಾಗ ಬಂದರೆ ಪುಣ್ಯ. ಅದಕ್ಕಾಗಿ ಗಾಡಿ ಓಡುವಾಗಲೇ ಆಲ್ಟರ್ನೇಟರ್‌ನಿಂದ, ಅಂದರೆ ಎಂಜಿನ್ನಿನ ಜೊತೆ ತಿರುಗಿ ಕರೆಂಟ್ ಮಾಡುವ ಯಂತ್ರದಿಂದ, ಬ್ಯಾಟರಿ ತುಂಬಿಸುವ ಡಿಸಿ-ಡಿಸಿ ಚಾರ್ಜರ್ ಬೇಕು.

ಮನೆಯ ಎಲೆಕ್ಟ್ರಿಷಿಯನ್‌ರನ್ನು ಕರೆಸಬೇಡಿ ಎನ್ನಲು ಕಾರಣವಿದೆ. 2000 ವಾಟ್ ಇಂಡಕ್ಷನ್ ಒಲೆ ಮನೆಯಲ್ಲಿ ಒಂಬತ್ತು ಆಂಪಿಯರ್ ಎಳೆದರೆ, 12 ವೋಲ್ಟಿನ ಬ್ಯಾಟರಿಯಿಂದ 170 ಆಂಪಿಯರ್‌ಗೂ ಹೆಚ್ಚು ಎಳೆಯುತ್ತದೆ. ಮನೆಗೆ ಎಳೆಯುವ ತಂತಿ ಅದಕ್ಕೆ ಊದುಬತ್ತಿ ಇದ್ದಂತೆ. ಮನೆಯ ಎಂಸಿಬಿ (ಹೊರೆ ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚು) ಮನೆಗೆ ಬರುವ ಪರ್ಯಾಯ ವಿದ್ಯುತ್ತಿಗೆ ಮಾಡಿದ್ದು, ಬ್ಯಾಟರಿಯಿಂದ ಬರುವ ನೇರ ವಿದ್ಯುತ್ತಿನ (ಡಿಸಿ) ಕಿಡಿಯನ್ನು ಅದು ಆರಿಸಲಾರದು. ಬ್ಯಾಟರಿಯ ತುದಿಯಿಂದ ಗೇಣುದ್ದದೊಳಗೆ ಡಿಸಿ ಫ್ಯೂಸ್ ಇಲ್ಲದ ವ್ಯಾನನ್ನು ನಾನು ಕಾರ್ಯಾಗಾರದ ಒಳಗೆ ರಾತ್ರಿ ನಿಲ್ಲಿಸಿಕೊಳ್ಳುವುದಿಲ್ಲ.

ಹಾಗಾಗಿ ಅಡುಗೆಗೆ ಗ್ಯಾಸ್ ಎಂಬ ನಿಮ್ಮ ಹಟ ಸರಿಯೇ. ಮನೆಯ 14.2 ಕಿಲೊ ಸಿಲಿಂಡರ್ ಮಾತ್ರ ಬೇಡ. ತುಂಬಿದ್ದು ಸುಮಾರು ಮೂವತ್ತು ಕಿಲೊ ತೂಗುತ್ತದೆ, ಅದು ಮನೆಯ ವಿಳಾಸಕ್ಕೆ ಕೊಟ್ಟದ್ದು ಕೂಡ. ಅಂಗಡಿಯಲ್ಲಿ ಸಿಗುವ 5 ಕಿಲೊದ್ದು ಸಾಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಮೇಲೇರದೆ ನೆಲದಲ್ಲಿ ನೀರಿನಂತೆ ಕೂರುತ್ತದೆ. ಆದ್ದರಿಂದ ಸಿಲಿಂಡರ್ ಪೆಟ್ಟಿಗೆಯ ತಳದಲ್ಲಿ ಗಾಡಿಯ ಹೊರಕ್ಕೆ ತೆರೆದ ರಂಧ್ರ ಇರಲೇಬೇಕು, ಪೆಟ್ಟಿಗೆಯ ಬಾಗಿಲು ಮಲಗುವ ಜಾಗಕ್ಕೆ ತೆರೆಯಬಾರದು. ಮೇಲೆ ಕಿಟಕಿ ಇದೆಯಲ್ಲ ಎಂದರೆ ಪ್ರಯೋಜನವಿಲ್ಲ. ಹೊರಡುವ ಮುನ್ನ ರೆಗ್ಯುಲೇಟರ್ ಬಂದ್ ಆಗಿದೆಯೇ ಎಂದು ಒಬ್ಬರು ನೋಡಿ ಇನ್ನೊಬ್ಬರಿಗೆ ಬಾಯಿಬಿಟ್ಟು ಹೇಳಬೇಕು.

ಅಡುಗೆಕಟ್ಟೆಯ ಬಗ್ಗೆ ನಿಮ್ಮ ಮನಸ್ಸು ಸ್ವಲ್ಪ ಬದಲಾದೀತೇ ಎಂದು ನೋಡುತ್ತೇನೆ. ವ್ಯಾನಿನ ವಿನ್ಯಾಸಗಳೆಲ್ಲ ಬ್ರೆಡ್ಡು, ಕಾಫಿ ಮಾಡುವವರ ದೇಶಗಳಿಂದ ಬಂದವು. ಸಾಸಿವೆ ಸಿಡಿದು, ಇಂಗು, ಒಣಮೆಣಸಿನಕಾಯಿ ಒಗ್ಗರಣೆಗೆ ಬಿದ್ದ ಮೇಲೆ ಆ ಘಾಟು ಮೂರಡಿ ದೂರದ ಹಾಸಿಗೆಗೆ, ಹೊದಿಕೆಗೆ ಹಿಡಿದರೆ ನಾಲ್ಕು ದಿನ ಬಿಡುವುದಿಲ್ಲ. ಕುಕ್ಕರ್ ಹಬೆ ತಗಡಿಗೆ ತಾಗಿ ನೀರಾಗುತ್ತದೆ. ಮಲಗಿದ ಇಬ್ಬರ ಉಸಿರು, ಬೆವರಿನಿಂದಲೇ ಒಂದು ರಾತ್ರಿಗೆ ಅರ್ಧ ಲೀಟರ್‌ಗೂ ಹೆಚ್ಚು ನೀರು ಗಾಳಿಗೆ ಸೇರುತ್ತದೆ, ಅದರ ಮೇಲೆ ಇದು ಬೇರೆ. ನನ್ನ ಸಲಹೆ ಹೀಗಿದೆ: ಹಿಂಬಾಗಿಲಿನಲ್ಲಿ ಹೊರಕ್ಕೆ ಎಳೆಯುವ ಡ್ರಾಯರ್ ಒಂದರ ಮೇಲೆ ಒಲೆ, ತಲೆ ಮೇಲೆ ಎತ್ತಿದ ಬಾಗಿಲೋ ಟಾರ್ಪಾಲೋ ನೆರಳಿಗೆ. ಒಗ್ಗರಣೆಯ ಅಡುಗೆ ಅಲ್ಲಿ. ಒಳಗೆ ಹಾಲು ಕಾಯಿಸಲು, ಮಳೆ ಬಂದಾಗ ಅನ್ನ ಬೇಯಿಸಲು ಎರಡಡಿ ಕಟ್ಟೆ. ಹೀಗೆ ಮಾಡಿಕೊಂಡವರು ಆಮೇಲೆ ದೂರಿದ್ದನ್ನು ನಾನು ಕೇಳಿಲ್ಲ.

ಶೌಚಾಲಯದ ವಿಷಯದಲ್ಲಿ ನಾನು ನಿಮ್ಮ ಯಜಮಾನರ ಪಕ್ಷ. ರಾತ್ರಿ ಎರಡು ಸಲ ಏಳುವ ವಯಸ್ಸು, ಹೊರಗೆ ಮಳೆ, ಪೆಟ್ರೋಲ್ ಬಂಕಿನ ಶೌಚಾಲಯಕ್ಕೆ ಬೀಗ. ಇದಕ್ಕೆ ಗೋಡೆ ಕಟ್ಟಿದ ಕೋಣೆ ಬೇಕಿಲ್ಲ. ಕೈಯಲ್ಲಿ ಎತ್ತಿ ಒಯ್ಯುವ, ಕೆಳಗಿನ ತೊಟ್ಟಿಯನ್ನು ಬಿಚ್ಚಿ ತೆಗೆಯಬಹುದಾದ ಕ್ಯಾಸೆಟ್ ಕಮೋಡ್ ಬರುತ್ತದೆ, ಮಂಚದ ಕೆಳಗಿನ ಡ್ರಾಯರ್‌ನಲ್ಲಿ ಕೂರುತ್ತದೆ, ಇಬ್ಬರಿಗೆ ಎರಡು ಮೂರು ದಿನಕ್ಕೊಮ್ಮೆ ಯಾವುದಾದರೂ ಶೌಚಾಲಯದಲ್ಲಿ ಖಾಲಿ ಮಾಡಬೇಕು. ಯಾರು ಖಾಲಿ ಮಾಡುವುದೆಂದು ಮಾತ್ರ ಮನೆ ಬಿಡುವ ಮೊದಲೇ ತೀರ್ಮಾನವಾಗಲಿ.

ತಗಡಿನ ಒಳಗೆ ನಿರೋಧಕ ಪದರ ಹಾಕಿದರೆ ತಂಪಾಗುತ್ತದೆ ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಅದು ಶಾಖ ಒಳಬರುವುದನ್ನು ನಿಧಾನ ಮಾಡುತ್ತದೆ, ಬಂದ ಶಾಖ ಹೊರಹೋಗುವುದನ್ನೂ ನಿಧಾನ ಮಾಡುತ್ತದೆ. ಛಾವಣಿಯ ಒಳಬದಿಗೆ ನೀರು ಹೀರದ ನೈಟ್ರೈಲ್ ರಬ್ಬರ್ ಹಾಳೆ, ಕಿಟಕಿಗಳಿಗೆ ಹೊಳೆಯುವ ಪರದೆ, ಗಾಳಿ ಹೊರಕ್ಕೆಳೆಯುವ ಫ್ಯಾನ್, ಸೊಳ್ಳೆ ಪರದೆ ಇವೆಲ್ಲ ಒಟ್ಟಿಗೆ ಬೇಕು. ಗಾಜಿನ ಉಣ್ಣೆ, ಸ್ಪಂಜು ಬೇಡ. ನೀರು ಹೀರಿಕೊಂಡು ಹಿಂದಿನ ತಗಡನ್ನು ತಿನ್ನುತ್ತವೆ. ಛಾವಣಿಗೆ ಕೊರೆದ ಪ್ರತಿ ರಂಧ್ರವೂ ಮುಂದಿನ ಮಳೆಗಾಲಕ್ಕೆ ಕೊಟ್ಟ ಆಹ್ವಾನವೇ. ಗಟ್ಟಿಯಾಗಿ ಒಣಗುವ ಎಪಾಕ್ಸಿ ತಗಡಿನ ಕಂಪನಕ್ಕೆ ಬಿರುಕು ಬಿಡುತ್ತದೆ, ಬಾಗುವ ಪಾಲಿಯುರೆಥೇನ್ ಸೀಲಂಟ್ ಬಳಸಬೇಕು.

ಹಾಗಾದರೆ ಏನು ಮಾಡಬೇಕು? ಆ ಹಳದಿ ಬೋರ್ಡಿನ ಗಾಡಿ ನಿಮಗೆ ಬೇಡವೆಂಬುದು ನನ್ನ ಅಭಿಪ್ರಾಯ. ಗಾಡಿ ಕೆಟ್ಟದ್ದೆಂದಲ್ಲ, ಲಕ್ಷಾಂತರ ಕಿಲೊಮೀಟರ್ ಬಾಡಿಗೆ ಓಡಿದ ಗಾಡಿಗೆ ಟೈರು, ಸ್ಪ್ರಿಂಗ್ ಪಟ್ಟಿ, ಬ್ರೇಕು, ಆರ್‌ಟಿಒ ಅಲೆದಾಟ ಎಲ್ಲ ಮುಗಿಯುವ ಹೊತ್ತಿಗೆ ನಿಮ್ಮ ಮೊದಲ ವರ್ಷವೂ, ಕೈಯಲ್ಲಿದ್ದ ಹಣವೂ ಮುಗಿದಿರುತ್ತವೆ.

ನೇರ ದಾರಿ ಎಂದರೆ ಎಐಎಸ್-124 ಪ್ರಮಾಣಪತ್ರ ಇರುವ ಬಾಡಿ ಬಿಲ್ಡರ್‌ ಕೈಯಲ್ಲಿ ಮಾಡಿಸುವುದು. ದುಬಾರಿ, ಕಾಯಬೇಕು, ನಿಮ್ಮ ಇಷ್ಟದ ವಿನ್ಯಾಸ ಸಿಗದಿರಬಹುದು. ‘ಆರ್‌ಸಿ ನಾವೇ ಮಾಡಿಸಿಕೊಡುತ್ತೇವೆ’ ಎಂಬ ಬಾಯಿಮಾತನ್ನು ನಂಬಬೇಡಿ. ಅವರು ಮೊದಲು ಮಾಡಿಕೊಟ್ಟ ಗಾಡಿಯೊಂದರ ಆರ್‌ಸಿ ನಕಲು ತೋರಿಸಲಿ, ಅದರಲ್ಲಿ ಬಾಡಿಯ ಬಗೆ ಏನೆಂದು ಬರೆದಿದೆ ನೋಡಿ. ಹೊಸ ಆರ್‌ಸಿ ಕೈಗೆ ಬರುವವರೆಗೆ ಕೊನೆಯ ಕಂತು ನಿಮ್ಮಲ್ಲೇ ಇರಲಿ.

ಇನ್ನೊಂದು ದಾರಿ ಸಣ್ಣದು. ಮಾರುತಿ ಇಕೋದಂತಹ ಬಿಳಿ ಬೋರ್ಡಿನ ವ್ಯಾನು ಕೊಂಡು, ಸೀಟು ಕೀಳದೆ, ಕೊರೆಯದೆ, ಬೆಸುಗೆ ಹಾಕದೆ, ಎತ್ತಿ ಇಳಿಸಬಹುದಾದ ಪೆಟ್ಟಿಗೆ-ಮಂಚವನ್ನು ಪಟ್ಟಿಯಿಂದ ಬಿಗಿದು ಒಯ್ಯುವುದು. ಅದು ಸಾಮಾನಾಗಿ ಉಳಿಯುತ್ತದೆ, ಗಾಡಿ ಗಾಡಿಯಾಗಿ ಉಳಿಯುತ್ತದೆ. ಒಳಗೆ ನಿಲ್ಲಲಾಗದು, ಮಳೆಯಲ್ಲಿ ಕಷ್ಟ, ಐದು ತಿಂಗಳ ಬದುಕಿಗೆ ಮೊಣಕಾಲು ಒಪ್ಪುವುದಿಲ್ಲ. ಹತ್ತು ಹದಿನೈದು ದಿನದ ಪ್ರವಾಸಕ್ಕೆ ಧಾರಾಳ ಸಾಕು, ಬೇಸರವಾದರೆ ಕಾರಿನ ಬೆಲೆಗೇ ಮಾರಬಹುದು.

ಎರಡಕ್ಕೂ ಮುನ್ನ ಒಂದು ಕೆಲಸ: ಬೆಂಗಳೂರಿನಲ್ಲಿ ಕ್ಯಾಂಪರ್ ವ್ಯಾನು ಬಾಡಿಗೆಗೆ ಕೊಡುವವರಿದ್ದಾರೆ. ಮೂರು ರಾತ್ರಿಗೆ ತೆಗೆದುಕೊಳ್ಳಿ, ಮಳೆಗಾಲದಲ್ಲೇ ತೆಗೆದುಕೊಳ್ಳಿ. ಎಲ್ಲಿ ರಾತ್ರಿ ನಿಲ್ಲಿಸಬಹುದು ಎಂಬ ಪಾಠವೂ ಆಗುತ್ತದೆ. ಕಾಡಿನ ಅಂಚಿನಲ್ಲಿ ಎಲ್ಲೆಂದರಲ್ಲಿ ನಿಲ್ಲುವಂತಿಲ್ಲ. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಖಾಸಗಿ ಗಾಡಿಗಳ ಸಂಚಾರವೇ ಇಲ್ಲ. ಹೋಂಸ್ಟೇ ಅಂಗಳ, ದೇವಸ್ಥಾನದ ಯಾತ್ರಿನಿವಾಸದ ಆವರಣ, ಕೇಳಿಕೊಂಡರೆ ಪೆಟ್ರೋಲ್ ಬಂಕು ಇವೇ ನಮ್ಮ ಕಡೆ ದಕ್ಕುವ ಜಾಗಗಳು.

ಮೂರು ಲಕ್ಷದ ವಿಡಿಯೊದವರು ಸುಳ್ಳು ಹೇಳಿಲ್ಲ, ತಮ್ಮ ಆರು ತಿಂಗಳ ಕೂಲಿಯನ್ನು ಲೆಕ್ಕಕ್ಕೆ ಹಿಡಿದಿಲ್ಲ, ಕಾಗದಪತ್ರದ ಖರ್ಚನ್ನೂ ಹಿಡಿದಿಲ್ಲ. ಅಂದಾಜಿನೊಳಗೆ ಮುಗಿದ ಗಾಡಿಯನ್ನು ನಾನು ಇನ್ನೂ ನೋಡಿಲ್ಲ. ಎಷ್ಟು ಎಂದುಕೊಂಡಿದ್ದೀರೋ ಅದರ ಮೂರನೇ ಒಂದರಷ್ಟು ಪಕ್ಕಕ್ಕೆ ಇಟ್ಟುಕೊಂಡೇ ಹೊರಡಿ.

ಕೊನೆಯ ಪ್ರಶ್ನೆ, ಇಬ್ಬರು ಅಷ್ಟು ಜಾಗದಲ್ಲಿ ಇರಬಹುದೇ ಎಂಬುದಕ್ಕೆ ನನ್ನ ಬಳಿ ಒಂದೇ ಉಪಾಯವಿದೆ. ಗಾಡಿಯ ಒಳ ಅಳತೆಯನ್ನು ಟೇಪ್ ಹಿಡಿದು ಅಳೆಯಿರಿ, ಗೋಡೆಯ ಪದರಕ್ಕೆಂದು ಪ್ರತಿ ಬದಿಗೆ ಒಂದೂವರೆ ಇಂಚು ಕಳೆಯಿರಿ. ನಿಮ್ಮ ಹಜಾರದ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಆ ಚೌಕ ಎಳೆಯಿರಿ. ಮಂಚ, ಕಟ್ಟೆ, ಕಮೋಡ್, ಬಾಗಿಲು ಎಲ್ಲ ಅದರಲ್ಲೇ ಗುರುತು ಮಾಡಿ, ರಟ್ಟಿನ ಪೆಟ್ಟಿಗೆಗಳನ್ನು ಗೋಡೆಯಂತೆ ಜೋಡಿಸಿ. ಒಂದು ಶನಿವಾರ ಸಂಜೆಯಿಂದ ಸೋಮವಾರ ಬೆಳಗಿನವರೆಗೆ ಗೆರೆ ದಾಟದೆ ಅಲ್ಲೇ ಇರಿ. ಅಲ್ಲೇ ಕಾಫಿ, ಅಲ್ಲೇ ಊಟ, ಅಲ್ಲೇ ನಿದ್ದೆ, ಸ್ನಾನಕ್ಕೆ ಮಾತ್ರ ಎದ್ದು ಹೋಗಿ. ಯಜಮಾನರ ಎತ್ತರಕ್ಕೆ ಮಂಚವನ್ನು ಅಡ್ಡಕ್ಕೆ ಹಾಕಬಹುದೋ, ಉದ್ದಕ್ಕೇ ಹಾಕಬೇಕೋ ಎಂಬುದು ಮೊದಲ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ರಾತ್ರಿ ಎರಡು ಗಂಟೆಗೆ ಒಬ್ಬರು ಏಳಬೇಕಾದಾಗ ಇನ್ನೊಬ್ಬರ ಮೇಲೆ ಹತ್ತಿ ಹೋಗಬೇಕೇ ಎಂಬುದೂ ತಿಳಿಯುತ್ತದೆ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಯಾರು ಯಾರಿಗೆ ಅಡ್ಡ ಬರುತ್ತಾರೆಂಬುದಕ್ಕೆ ಗೆರೆ ಅಳಿಸಿದ ಜಾಗಗಳೇ ಸಾಕ್ಷಿ. ಹಾಗೆ ಅಳಿಸಿಹೋದ ಚಿತ್ರದ ಒಂದು ಫೋಟೊ ತೆಗೆದು ಕಳಿಸಿ; ಕಟ್ಟೆ ಯಾವ ಬದಿಗೆ, ನೀರಿನ ಟ್ಯಾಂಕ್ ಎಲ್ಲಿಗೆ ಎಂಬುದನ್ನು ಅದನ್ನು ನೋಡಿಯೇ ಹೇಳುತ್ತೇನೆ. ಮುಂಗಡ ಅಲ್ಲಿಯವರೆಗೆ ಬ್ಯಾಂಕಿನಲ್ಲೇ ಇರಲಿ.